ಬರಿದಾದ ಟ್ಯಾಂಕಿನಲ್ಲಿ ಏನಿದೆ?

ಕೊಡಗಿನ ಕಾಫಿ ತೋಟಗಳ ಏರುದಾರಿಗಳಲ್ಲಿಯೂ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಕಲ್ಲುಹಾದಿಯಲ್ಲಿಯೂ ಹಳೆಯ ಜೀಪುಗಳು ಇಂದಿಗೂ ಏದುಸಿರು ಬಿಡುತ್ತ ಓಡಾಡುವುದುಂಟು. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಿಂದ ಮೊದಲ್ಗೊಂಡು, ಅಮೆರಿಕದ ಸೈನ್ಯಕ್ಕಾಗಿ ಲಕ್ಷಗಟ್ಟಲೆ ನಿರ್ಮಿತವಾದ ವಾಹನದ ವಂಶಸ್ಥರು ಇವು. ೧೯೪೦ರ ದಶಕದ ಕೊನೆಯಲ್ಲಿ ಭಾರತದಲ್ಲಿಯೂ ಇವುಗಳ ಜೋಡಣೆ ಆರಂಭವಾಯಿತು. ಪೆಟ್ರೋಲಿನಿಂದ ಓಡುವ ಹಳೆಯ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಪೀಠದ ಕೆಳಗೆ. ಅದು ಸೋರತೊಡಗಿದರೆ ಚಾಲಕನು ಅಕ್ಷರಶಃ ಅಪಾಯದ ಮೇಲೆಯೇ ಕುಳಿತಂತಾಯಿತು.

ಅಂತಹ ಜೀಪೊಂದರ ಟ್ಯಾಂಕಿನ ದುರಸ್ತಿಯನ್ನು ಸಮೀಪದಿಂದ ನೋಡುವ ಸಂದರ್ಭ ನಮಗೊಮ್ಮೆ ಒದಗಿತು. ಮಿತ್ರರೊಬ್ಬರ ಜೀಪು ಅದು. ಟ್ಯಾಂಕನ್ನು ಕಳಚಿ, ಪೆಟ್ರೋಲನ್ನೆಲ್ಲ ಬಸಿದು, ಅಂಗಳದಲ್ಲಿ ಇಡಲಾಗಿತ್ತು. ಕಾರ್ಯಾಗಾರದ ಹದಿನೆಂಟರ ಹುಡುಗನೊಬ್ಬ ಬೆಸುಗೆಯ ಉರಿಯನ್ನು ಹೊತ್ತಿಸಲು ಸಿದ್ಧನಾಗಿದ್ದ. "ಟ್ಯಾಂಕು ಬರಿದಾಗಿದೆ ಸಾರ್, ಇನ್ನೇನು ಭಯ?" ಎಂದ. ಅಷ್ಟರಲ್ಲಿ ಒಳಗಿನಿಂದ ಬಂದ ವೃದ್ಧ ಕುಶಲಕರ್ಮಿಯು ಅವನ ಕೈಯಿಂದ ಬೆಂಕಿಪೊಟ್ಟಣವನ್ನು ಕಸಿದುಕೊಂಡು, "ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿಗೇ ಹೆಚ್ಚು ಹೆದರಬೇಕು" ಎಂದರು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಆ ಮಾತು ಮೊದಲು ವಿಚಿತ್ರವೆನಿಸಿತು. ಆದರೆ ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಮಾಡಿದಾಗ ಅದು ಎಷ್ಟು ನಿಜವೆಂಬುದು ಮನವರಿಕೆಯಾಯಿತು. ಆ ಲೆಕ್ಕವನ್ನೇ ವಾಚಕರ ಮುಂದೆ ಇಡುವೆವು.

ಉರಿಯುವುದು ಪೆಟ್ರೋಲ್ ದ್ರವವಲ್ಲ, ಅದರ ಆವಿ. ಆ ಆವಿಯೂ ತಾನಾಗಿಯೇ ಉರಿಯದು. ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಿರಬೇಕು. ನೂರು ಭಾಗ ಮಿಶ್ರಣದಲ್ಲಿ ಆವಿಯು ಸುಮಾರು ೧.೪ ಭಾಗಕ್ಕಿಂತ ಕಡಿಮೆಯಿದ್ದರೆ ಬೆಂಕಿ ಹತ್ತದು, ಸುಮಾರು ೭.೬ ಭಾಗಕ್ಕಿಂತ ಹೆಚ್ಚಾಗಿದ್ದರೂ ಆಮ್ಲಜನಕ ಸಾಲದೆ ಹತ್ತದು. ಈ ಎರಡು ಮೇರೆಗಳ ನಡುವಿನದೇ ಆಸ್ಫೋಟದ ಕ್ಷೇತ್ರ. ಪೆಟ್ರೋಲು ತುಂಬಿರುವ ಟ್ಯಾಂಕಿನಲ್ಲಿ, ದ್ರವದ ಮೇಲಿನ ಅಲ್ಪ ಅವಕಾಶದಲ್ಲಿ ಆವಿಯ ಪ್ರಮಾಣ ನಮ್ಮ ನಾಡಿನ ಉಷ್ಣತೆಯಲ್ಲಿ ಮೇಲಿನ ಮೇರೆಯನ್ನು ಬಹುದೂರ ಮೀರಿರುತ್ತದೆ. ಆದ್ದರಿಂದ ಟ್ಯಾಂಕಿನ ಒಳಗೆ ಆಸ್ಫೋಟ ಸುಲಭವಾಗಿ ಆಗದು. ಹೊರಗೆ ಚೆಲ್ಲಿದ ಪೆಟ್ರೋಲಿನ ಮಾತು ಬೇರೆ. ಅಲ್ಲಿ ಗಾಳಿಗೆ ಬರವಿಲ್ಲ.

ಟ್ಯಾಂಕನ್ನು ಬಸಿದ ಮೇಲೆ ಏನಾಗುತ್ತದೆ? ಸಾಧಾರಣ ಉಷ್ಣತೆಯಲ್ಲಿ ಒಂದು ಘನ ಸೆಂಟಿಮೀಟರ್ ಪೆಟ್ರೋಲು ಆವಿಯಾದರೆ ಸುಮಾರು ೧೮೦ ಘನ ಸೆಂಟಿಮೀಟರ್ ಆವಿಯಾಗುತ್ತದೆ. ೪೦ ಲೀಟರ್ ಹಿಡಿಸುವ ಟ್ಯಾಂಕನ್ನು ತೆಗೆದುಕೊಳ್ಳಿ. ಅದರ ೧೦೦ರಲ್ಲಿ ೧.೪ ಭಾಗವೆಂದರೆ ೫೬೦ ಘನ ಸೆಂಟಿಮೀಟರ್. ಇಷ್ಟು ಆವಿಗೆ ಬೇಕಾದ ಪೆಟ್ರೋಲು ಕೇವಲ ೩ ಘನ ಸೆಂಟಿಮೀಟರ್, ಎಂದರೆ ಒಂದು ಚಹಾ ಚಮಚಕ್ಕಿಂತಲೂ ಕಡಿಮೆ! ಮೇಲಿನ ಮೇರೆಯನ್ನು ಮುಟ್ಟಲು ಸುಮಾರು ೧೭ ಘನ ಸೆಂಟಿಮೀಟರ್ ಸಾಕು. ತಳದ ತುಕ್ಕಿನಲ್ಲಿಯೂ, ತಗಡಿನ ಮಡಿಕೆಗಳಲ್ಲಿಯೂ ಇಷ್ಟು ಪೆಟ್ರೋಲು ಅಡಗಿಕೊಳ್ಳುವುದು ಬಹು ಸುಲಭ. ಬಸಿದ ಟ್ಯಾಂಕಿನೊಳಕ್ಕೆ ಗಾಳಿ ನುಗ್ಗುತ್ತಿದ್ದಂತೆ ಮಿಶ್ರಣವು ಮೇಲಿನ ಮೇರೆಯಿಂದ ಇಳಿದು ನೇರವಾಗಿ ಆಸ್ಫೋಟದ ಕ್ಷೇತ್ರಕ್ಕೆ ಬಂದು ನಿಲ್ಲುತ್ತದೆ. ನಾವು ಬರಿದಾಯಿತೆಂದು ನೆಮ್ಮದಿಪಡುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ.

ಆ ೩ ಘನ ಸೆಂಟಿಮೀಟರ್ ಪೆಟ್ರೋಲು ಉರಿದಾಗ ಹೊರಬೀಳುವ ಶಕ್ತಿ ಸುಮಾರು ಒಂದು ಲಕ್ಷ ಜೂಲ್. ೬೦ ಕಿಲೋಗ್ರಾಂ ತೂಕದ ಮನುಷ್ಯನನ್ನು ೧೬೦ ಮೀಟರ್ ಎತ್ತರಕ್ಕೆ ಏರಿಸಲು ಅಷ್ಟು ಶಕ್ತಿ ಸಾಕು. ಮಿಶ್ರಣವು ಸಮಪಾಕದಲ್ಲಿದ್ದರೆ ಮುಚ್ಚಿದ ಪಾತ್ರೆಯೊಳಗಿನ ಒತ್ತಡ ಕ್ಷಣಾರ್ಧದಲ್ಲಿ ಏಳೆಂಟು ಪಟ್ಟು ಏರಬಲ್ಲದು. ಆಗ ಅಂಗೈಯಗಲದ ತಗಡಿನ ಮೇಲೆ ಬೀಳುವ ಬಲ ೬೦೦ ಕಿಲೋಗ್ರಾಂ ತೂಕಕ್ಕೆ ಸಮ. ತೆಳುವಾದ ತಗಡು ಇದನ್ನು ತಡೆಯುವುದೆಂತು?

"ಉರಿಯನ್ನು ತಾಕಿಸದೆ ಕಾದ ಕಬ್ಬಿಣದಿಂದ ಬೆಸೆದರೆ ಸಾಲದೆ?" ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಲದು. ಪೆಟ್ರೋಲಿನ ಆವಿಯು ಸುಮಾರು ೨೮೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಿಡಿಯ ಹಂಗಿಲ್ಲದೆಯೇ ಹೊತ್ತಿಕೊಳ್ಳಬಲ್ಲದು. ಬೆಸುಗೆಯ ಸಲಾಕೆಯ ತುದಿ ಅದಕ್ಕಿಂತಲೂ ಬಿಸಿಯಾಗಿರುವುದುಂಟು. ಮೇಲಾಗಿ ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ಅದು ಮೇಲೇರಿ ಚದುರುವುದಿಲ್ಲ; ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹತ್ತು ಹೆಜ್ಜೆ ದೂರದ ಒಲೆಯನ್ನು ಮುಟ್ಟಿ ಬೆಂಕಿಯನ್ನು ಹಿಂದಕ್ಕೆ ತರುವ ಸಾಮರ್ಥ್ಯ ಅದಕ್ಕುಂಟು.

ಟ್ಯಾಂಕು ತೂತಾಗುವುದಾದರೂ ಏತಕ್ಕೆ? ಪೆಟ್ರೋಲು ತುಕ್ಕು ಹಿಡಿಸುವುದಿಲ್ಲ, ಹಿಡಿಸುವುದು ನೀರು. ಹಗಲಿನ ಬಿಸಿಲಿಗೆ ಟ್ಯಾಂಕಿನ ಗಾಳಿ ಹಿಗ್ಗಿ ಹೊರಹೋಗುತ್ತದೆ; ರಾತ್ರಿಯ ತಂಪಿಗೆ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಈ ಉಸಿರಾಟದಿಂದ ಒಳಗೆ ಹನಿಗಟ್ಟಿದ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು, ತಗಡಿನ ಸಂಧಿಗಳಲ್ಲಿ ಮನೆಮಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತ ಜೀಪಿಗೆ ಇದು ತಪ್ಪದು. ೨೦೨೫ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಭಾಗ ಎಥನಾಲ್ ಬೆರೆಸುವ ಗುರಿಯನ್ನು ಮುಟ್ಟಲಾಯಿತು. ಎಥನಾಲು ನೀರನ್ನು ಹೀರಿಕೊಳ್ಳುವ ಸ್ವಭಾವದ್ದು; ನೀರು ಮಿತಿಮೀರಿದರೆ ಅದರೊಡನೆ ಬೇರ್ಪಟ್ಟು ತಳ ಸೇರುತ್ತದೆ. ಹಳೆಯ ಟ್ಯಾಂಕುಗಳ ಒಡೆಯರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ವೃದ್ಧರು ಮಾಡಿದ ಕೆಲಸವನ್ನು ನೋಡೋಣ. ಸೋರುವೆಡೆಯಲ್ಲಿ ಬಟ್ಟೆ ಒಗೆಯುವ ಸಾಬೂನನ್ನು ಮೆತ್ತಿದ್ದುದು ಮೊದಲು ನಮ್ಮ ಕಣ್ಣಿಗೆ ಬಿತ್ತು. ಮಿತ್ರರು ದಾರಿಯಲ್ಲಿ ಮಾಡಿಕೊಂಡ ಉಪಾಯವದು. ಸಾಬೂನು ನೀರಿನಲ್ಲಿ ಕರಗುತ್ತದೆಯೇ ಹೊರತು ಪೆಟ್ರೋಲಿನಲ್ಲಿ ಕರಗದು. ಆದ್ದರಿಂದ ಸಣ್ಣ ಬಿರುಕನ್ನು ಅದು ಮನೆ ಸೇರುವತನಕ ಮುಚ್ಚಬಲ್ಲದು, ಅಷ್ಟೆ, ಅದು ದುರಸ್ತಿಯಲ್ಲ.

ವೃದ್ಧರು ಟ್ಯಾಂಕನ್ನು ಬಯಲಿನಲ್ಲಿಟ್ಟು, ಸಾಬೂನು ಬೆರೆಸಿದ ಬಿಸಿನೀರಿನಿಂದ ಹಲವು ಸಲ ತೊಳೆದರು. ನೀರಿನಲ್ಲಿ ಕರಗದ ಪೆಟ್ರೋಲನ್ನು ಸಾಬೂನು ಸೂಕ್ಷ್ಮ ಹನಿಗಳಾಗಿ ಒಡೆದು ನೀರಿನೊಡನೆ ಹೊರಗೆ ಸಾಗಿಸುತ್ತದೆ. ಅನಂತರ ಗಂಟೆಗಟ್ಟಲೆ ನೀರಾವಿಯನ್ನು ಹಾಯಿಸಿದರು. ಮಡಿಕೆಗಳಲ್ಲಿ ಅವಿತ ಪೆಟ್ರೋಲು ಕಾದು, ಆವಿಯಾಗಿ ಹೊರಟುಹೋಯಿತು. ವಾಸನೆ ಅಡಗಿದ ಮೇಲೆಯೂ ಅವರು ನಂಬಲಿಲ್ಲ. ಟ್ಯಾಂಕನ್ನು ಬೋರಲು ಹಾಕಿ, ಬಾಯಿಯನ್ನು ಬಿಗಿದು, ಈಗ ಮೇಲ್ಗಡೆಗೆ ಬಂದಿದ್ದ ತಳದ ರಂಧ್ರದಿಂದ ನೀರು ತುಂಬಿಸಿದರು. ನೀರಿದ್ದಲ್ಲಿ ಗಾಳಿಗೂ ಪೆಟ್ರೋಲಿನ ಆವಿಗೂ ಎಡೆಯಿಲ್ಲ. ಎಡೆಯೇ ಇಲ್ಲದಿದ್ದರೆ ಆಸ್ಫೋಟವೆಲ್ಲಿಯದು?

ಆದರೆ ಹುಡುಗನು ಕಂಠಮಟ್ಟ ನೀರು ತುಂಬಿದ್ದರಿಂದ ಬೆಸುಗೆ ಕರಗಲೇ ಇಲ್ಲ. ಕಾರಣ ಸ್ಪಷ್ಟ. ತಗಡಿಗೆ ನೀರು ತಾಗಿರುವವರೆಗೆ ಅದರ ಉಷ್ಣತೆ ೧೦೦ ಡಿಗ್ರಿಯ ಆಚೆಗೆ ಏರದು. ತವರ ಮತ್ತು ಸೀಸಗಳ ಬೆಸುಗೆಯು ಕರಗಲು ೧೮೩ ಡಿಗ್ರಿಯಾದರೂ ಬೇಕು. ವೃದ್ಧರು ಟ್ಯಾಂಕನ್ನು ಓರೆಯಾಗಿಸಿ, ಬಿರುಕಿನ ಕೆಳಗೆ ಮಾತ್ರ ಒಂದು ಬೆರಳು ಎಡೆ ಉಳಿಯುವಷ್ಟು ನೀರನ್ನು ತೆಗೆದರು. ನೀರಾವಿ ಒಳಗೆ ಸೆರೆಯಾಗದಂತೆ ರಂಧ್ರವನ್ನು ತೆರೆದೇ ಇಟ್ಟರು. ತಗಡನ್ನು ಹೊಳೆಯುವಂತೆ ಉಜ್ಜಿ, ದೂರದ ಒಲೆಯಲ್ಲಿ ಕಾಯಿಸಿದ ಸಲಾಕೆಯನ್ನು ತಂದಿಟ್ಟಾಗ, ಕರಗಿದ ಬೆಸುಗೆಯು ಬಿರುಕಿನೊಳಕ್ಕೆ ತಾನಾಗಿಯೇ ಸೇರಿತು. ದೀಪದ ಬತ್ತಿಗೆ ಎಣ್ಣೆ ಏರುವ ನಿಯಮವೇ ಇಲ್ಲಿಯೂ ಕೆಲಸ ಮಾಡಿತು.

ಕೊನೆಯದು ಪರೀಕ್ಷೆ. ನೀರು ನಿಂತಿತೆಂದು ಪೆಟ್ರೋಲೂ ನಿಲ್ಲುವುದೆಂಬ ಭರವಸೆಯಿಲ್ಲ. ಪೆಟ್ರೋಲಿನ ಮೇಲ್ಮೈ ಎಳೆತ ನೀರಿನದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಅದು ನೀರಿಗಿಂತ ತೆಳುವಾದ ದ್ರವವೂ ಹೌದು. ಆದಕಾರಣ ಬೆಸುಗೆಗೆ ಸಾಬೂನಿನ ನೊರೆ ಬಳಿದು, ಬಾಯಿಂದ ಮೆಲ್ಲನೆ ಊದಿ, ಗುಳ್ಳೆಗಳನ್ನು ನೋಡಿದರು. ಯಂತ್ರದಿಂದ ಗಾಳಿ ತುಂಬಿಸುವುದು ತಪ್ಪು. ಚದರ ಸೆಂಟಿಮೀಟರಿಗೆ ನೂರು ಗ್ರಾಂ ಹೆಚ್ಚು ಒತ್ತಡವಾದರೂ, ೪೦ ಸೆಂಟಿಮೀಟರ್ ಅಗಲ, ೬೦ ಸೆಂಟಿಮೀಟರ್ ಉದ್ದದ ಮೈಯ ಮೇಲೆ ಅದು ೨೪೦ ಕಿಲೋಗ್ರಾಂ ಬಲವಾಗಿ ತಗಡನ್ನು ಉಬ್ಬಿಸುತ್ತದೆ.

ಇದನ್ನೋದಿ ವಿದ್ಯಾರ್ಥಿಗಳು ತಾವೇ ಇಂತಹ ಬೆಸುಗೆಗೆ ಕೈಹಾಕಬಾರದು; ಅದು ನುರಿತವರ ಕೆಲಸ. ಆದರೆ ರಸ್ತೆಬದಿಯ ಕಾರ್ಯಾಗಾರದಲ್ಲಿ ಯಾರಾದರೂ ಬಸಿದ ಟ್ಯಾಂಕಿನ ಬಳಿ ಉರಿ ಹಿಡಿದು ನಿಂತುದನ್ನು ಕಂಡರೆ, ತಡೆದು ಕಾರಣ ಹೇಳುವಷ್ಟು ವಿಜ್ಞಾನ ಈಗ ಅವರಲ್ಲಿದೆ. ಆ ದಿನ ಸಂಜೆ ಆ ಹುಡುಗ ನಮ್ಮ ಲೆಕ್ಕದ ಕಾಗದವನ್ನು ಕೇಳಿ ಪಡೆದು, ಚಮಚವೊಂದರಲ್ಲಿ ಮೂರು ಘನ ಸೆಂಟಿಮೀಟರ್ ನೀರನ್ನು ಅಳೆದು, ಅದನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದ.