ಮನೆಯಲ್ಲಿ ಕೂಡಿಸತಕ್ಕ ಆಟದ ಕಂಪ್ಯೂಟರು: ಬಿಡಿಭಾಗಗಳನ್ನು ಆರಿಸುವ ಕ್ರಮ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಅವರೂ, ಈಗ ಓದುತ್ತಿರುವ ಹುಡುಗಿಯರ ತಂದೆತಾಯಿಗಳೂ ಈಚೆಗೆ ನನ್ನನ್ನು ಕೇಳುವ ಪ್ರಶ್ನೆಯೊಂದುಂಟು: “ಮಗಳು ಆಟದ ಕಂಪ್ಯೂಟರನ್ನು ಬಿಡಿಭಾಗಗಳಿಂದ ತಾನೇ ಕೂಡಿಸುವೆನೆನ್ನುತ್ತಾಳೆ, ಹಣ ಕೊಡಬಹುದೇ?” ಗಂಡುಮಗನು ಕೇಳಿದರೆ ಒಂದು ಗಳಿಗೆಯಲ್ಲಿ ತೀರುವ ಈ ಮಾತು ಹೆಣ್ಣುಮಗಳು ಕೇಳಿದಾಗ ಮನೆಯಲ್ಲಿ ದೊಡ್ಡ ಚರ್ಚೆಯಾಗುತ್ತದೆ. ಕೊಡಬಹುದೆಂಬುದೇ ನನ್ನ ಅಭಿಪ್ರಾಯ. ಆದರೆ ಸಿರುಗುಪ್ಪದ ಭತ್ತದ ಹಣವಾಗಲಿ, ಕುರುಗೋಡಿನ ಹತ್ತಿ ಮೆಣಸಿನಕಾಯಿಗಳ ಹಣವಾಗಲಿ, ಬಳ್ಳಾರಿಯಲ್ಲಿ ತಿಂಗಳ ಸಂಬಳದಿಂದ ಉಳಿಸಿದ ಹಣವಾಗಲಿ ಸುಲಭವಾಗಿ ಬಂದುದಲ್ಲ. ಆದಕಾರಣ ಅದನ್ನು ಯಾವ ಕ್ರಮದಲ್ಲಿ ವೆಚ್ಚಮಾಡತಕ್ಕದ್ದೆಂಬುದನ್ನು ಇಲ್ಲಿ ವಿವರಿಸುತ್ತೇನೆ. ಕ್ರಮವು ಒಂದೇ ಮಾತಿನಲ್ಲಿದೆ: ಕಣ್ಣಿಗೆ ಕಾಣದ ಭಾಗಗಳಿಗೆ ಮೊದಲು, ಕಣ್ಣನ್ನು ಸೆಳೆಯುವ ಭಾಗಗಳಿಗೆ ಆಮೇಲೆ.

ಮೊದಲು ಅಂಗಡಿಗೆ ಹೋಗಬಾರದು. ಮನೆಯಲ್ಲಿ ಕುಳಿತು ಎರಡು ಸಂಗತಿಗಳನ್ನು ಬರೆದುಕೊಳ್ಳಬೇಕು. ಆಡತಕ್ಕ ಆಟಗಳು ಯಾವುವು? ಮಾನಿಟರು ಎಂಥದು? ಮೈನ್‌ಕ್ರಾಫ್ಟ್, ವ್ಯಾಲರಂಟ್ ಮೊದಲಾದವು ಹಗುರವಾದ ಆಟಗಳು. ವಿಸ್ತಾರವಾದ ನಗರಗಳನ್ನೂ ಕಾಡುಗಳನ್ನೂ ತೋರಿಸುವ ಹೊಸ ಆಟಗಳು ಭಾರವಾದವು. ಮಾನಿಟರು ಸೆಕೆಂಡಿಗೆ 60 ಚಿತ್ರಗಳನ್ನು ಮಾತ್ರ ತೋರಿಸುವುದಾದರೆ, 144 ಚಿತ್ರಗಳನ್ನು ರಚಿಸಬಲ್ಲ ಕಾರ್ಡಿಗೆ ತೆತ್ತ ಹೆಚ್ಚಿನ ಹಣದ ಬಹುಭಾಗವು ಕಣ್ಣಿಗೆ ಬೀಳುವುದೇ ಇಲ್ಲ. ಮೊದಲ ಯಂತ್ರಕ್ಕೆ 1920ಕ್ಕೆ 1080 ಬಿಂದುಗಳ ಸಾಧಾರಣ ಮಾನಿಟರು ಸಾಕು.

ಇನ್ನು ಪ್ರೊಸೆಸರಿನ ವಿಷಯ. ಅಂಗಡಿಯವರು “ಐ7” ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಹಳೆಯ ಕಚೇರಿಯ ಯಂತ್ರಗಳನ್ನು ಆಟದ ಯಂತ್ರಗಳೆಂದು ಮಾರುವುದುಂಟು. ಹೆಸರಿಗಿಂತ ಮುಂದಿನ ಅಂಕೆಗಳನ್ನು ನೋಡತಕ್ಕದ್ದು. 2011ರಲ್ಲಿ ಬಂದ ಇಂಟೆಲ್ ಐ7-2600ರಲ್ಲಿ ನಾಲ್ಕು ಕೋರುಗಳಿವೆ; 2022ರಲ್ಲಿ ಬಂದ ಐ3-12100ಎಫ್‌ನಲ್ಲಿಯೂ ನಾಲ್ಕೇ. ಆದರೂ ಈ ಚಿಕ್ಕ ಹೆಸರಿನದು ಆ ದೊಡ್ಡ ಹೆಸರಿನದಕ್ಕಿಂತ ಬಹಳ ವೇಗವಾದದ್ದು. ಅಲ್ಲದೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ7-2600ರಂಥ ಹಳೆಯ ಪ್ರೊಸೆಸರುಗಳು ವಿಂಡೋಸ್ 11ಕ್ಕೆ ಅರ್ಹವಾದವುಗಳ ಪಟ್ಟಿಯಲ್ಲಿಲ್ಲ.

ಅಂಕೆಯ ಕೊನೆಯ ಅಕ್ಷರವೂ ಮುಖ್ಯ. ಇಂಟೆಲ್ಲಿನಲ್ಲಿ “ಎಫ್” ಇದ್ದರೆ ಅದರೊಳಗೆ ಚಿತ್ರ ತೋರಿಸುವ ಶಕ್ತಿಯಿಲ್ಲ; ಗ್ರಾಫಿಕ್ಸ್ ಕಾರ್ಡು ಇಲ್ಲದಿದ್ದರೆ ಮಾನಿಟರು ಕತ್ತಲೆಯಾಗಿಯೇ ಇರುವುದು. ಎಎಂಡಿಯ ರೈಜನ್ 5 5600ಜಿ ಎಂಬುದರಲ್ಲಿಯ “ಜಿ” ಅಕ್ಷರವು ಗ್ರಾಫಿಕ್ಸ್ ಒಳಗೇ ಉಂಟೆಂಬುದನ್ನು ಸೂಚಿಸುತ್ತದೆ. ಹಣ ಕಡಿಮೆಯಿದ್ದವರಿಗೆ ಈ ಬಗೆಯ ಪ್ರೊಸೆಸರೇ ಉತ್ತಮವಾದ ಮಾರ್ಗ. ಈ ವರ್ಷ ಇದರಿಂದಲೇ ಹಗುರವಾದ ಆಟಗಳನ್ನು ಆಡಬಹುದು. ಮುಂದಿನ ಸುಗ್ಗಿಗೆ ಕೈಯಲ್ಲಿ ಹಣ ಬಂದಾಗ ಗ್ರಾಫಿಕ್ಸ್ ಕಾರ್ಡನ್ನು ಸೇರಿಸಬಹುದು. ಒಂದೊಂದು ಕೋಣೆಯಾಗಿ ಮನೆ ಕಟ್ಟಿಸುವವರು ಅಡಿಪಾಯವನ್ನು ಮೊದಲೇ ಅಗಲವಾಗಿ ಹಾಕಿಸುವಂತೆ, ಇಲ್ಲಿಯೂ ಮುಂದಿನದನ್ನು ಯೋಚಿಸಿ ಬೋರ್ಡನ್ನೂ ಎಸ್‌ಎಂಪಿಎಸ್ಸನ್ನೂ ಕೊಳ್ಳಬೇಕು. ಪ್ರೊಸೆಸರು, ಮದರ್‌ಬೋರ್ಡು, ರ್‍ಯಾಮು ಇವು ಮೂರೂ ಒಂದಕ್ಕೊಂದು ಹೊಂದುವವೇ ಎಂಬುದನ್ನು ಹಣ ಕೊಡುವ ಮುಂಚೆಯೇ ತಿಳಿಯಬೇಕು. 5600ಜಿ ಕೂರುವುದು ಎಎಂ4 ಎಂಬ ಸಾಕೆಟಿನಲ್ಲಿ. ಅದಕ್ಕೆ ಡಿಡಿಆರ್4 ರ್‍ಯಾಮೇ ಬೇಕು, ಡಿಡಿಆರ್5 ಆಗದು.

ರ್‍ಯಾಮು 16 ಜಿಬಿ ಇರಲಿ. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಳ್ಳಿರಿ. ಎರಡು ಬಾಗಿಲುಗಳಿಂದ ಮಕ್ಕಳು ತರಗತಿಗೆ ಬೇಗ ಸೇರುವಂತೆ ಎರಡು ಪಟ್ಟಿಗಳಿಂದ ಮಾಹಿತಿಯು ಬೇಗ ಸಾಗುತ್ತದೆ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರು ಇದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ ಆಟದಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. 2025ರ ಕೊನೆಯ ಭಾಗದಲ್ಲಿ ಕೃತಕ ಬುದ್ಧಿಮತ್ತೆಯ ಬೃಹತ್ ಯಂತ್ರಾಗಾರಗಳ ಬೇಡಿಕೆಯಿಂದ ರ್‍ಯಾಮಿನ ಬೆಲೆಯು ಬಹಳವಾಗಿ ಏರಿತು. ಆದಕಾರಣ ಹಳೆಯ ಬೆಲೆಪಟ್ಟಿಗಳನ್ನು ನಂಬದೆ ಕೊಳ್ಳುವ ವಾರದ ಬೆಲೆಯನ್ನೇ ಕೇಳಿರಿ. ಸಂಗ್ರಹಕ್ಕೆ ಹಾರ್ಡ್ ಡಿಸ್ಕು ಬೇಡ, ಎಸ್‌ಎಸ್‌ಡಿ ಇರಲಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಇದು ಆಟದ ವೇಗವನ್ನು ಹೆಚ್ಚಿಸದು. ಇದರ ಅಂದವನ್ನು ಯಾರೂ ನೋಡರು. ಆದುದರಿಂದ ಹಣ ಉಳಿಸಬೇಕೆನ್ನುವವರು ಮೊದಲು ಕತ್ತರಿಯಾಡಿಸುವುದು ಇಲ್ಲಿಯೇ. ಆದರೆ ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುವುದು. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ತನ್ನೊಡನೆ ಬೋರ್ಡನ್ನೂ ಕಾರ್ಡನ್ನೂ ಕೆಡಿಸಿ ಹೋಗಬಹುದು. ಬೇಸಿಗೆಯಲ್ಲಿ ದೀಪಗಳು ಮಂಕಾಗುವುದನ್ನೂ, ಕರೆಂಟು ಹೋಗಿ ಒಮ್ಮೆಲೇ ಜೋರಾಗಿ ಬರುವುದನ್ನೂ ಕಂಡ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯಾಗಿ ಬರುವ ಎಸ್‌ಎಂಪಿಎಸ್ಸನ್ನು ಉಪಯೋಗಿಸಬೇಡಿರಿ. “80 ಪ್ಲಸ್” ಎಂಬ ಗುರುತು ವಿದ್ಯುತ್ತು ಎಷ್ಟು ವ್ಯರ್ಥವಾಗುವುದೆಂಬುದನ್ನು ಮಾತ್ರ ಹೇಳುತ್ತದೆ, ರಕ್ಷಣೆಯನ್ನಲ್ಲ. ಆದುದರಿಂದ ಹೆಚ್ಚು ವೋಲ್ಟೇಜು, ಹೆಚ್ಚು ಕರೆಂಟು, ಶಾರ್ಟ್ ಸರ್ಕ್ಯೂಟುಗಳಿಂದ ರಕ್ಷಣೆ ಉಂಟೇ, ವಾರಂಟಿ ಎಷ್ಟು ವರ್ಷ ಎಂದೂ ಕೇಳಿರಿ. ಎಷ್ಟು ವ್ಯಾಟು ಬೇಕೆಂಬುದು ಸಾಮಾನ್ಯ ಕೂಡುವ ಲೆಕ್ಕ. 5600ಜಿಗೆ ಸುಮಾರು 90, ರೇಡಿಯಾನ್ ಆರ್‌ಎಕ್ಸ್ 6600ರಂಥ ಕಾರ್ಡಿಗೆ 132, ಮಿಕ್ಕ ಭಾಗಗಳಿಗೆ 50, ಒಟ್ಟು 272. ಇದರ ಮೇಲೆ ಸಾಕಷ್ಟು ಉಳಿಯುವಂತೆ 500 ವ್ಯಾಟಿನ ಒಳ್ಳೆಯದೊಂದು ಸಾಕು. ಒಳ್ಳೆಯ 500 ವ್ಯಾಟು, ಕಳಪೆ 750 ವ್ಯಾಟಿಗಿಂತ ಮೇಲು.

ಗೋಡೆಯ ಮೂರು ರಂಧ್ರಗಳ ಪ್ಲಗ್ಗಿನಲ್ಲಿ ಮೂರನೆಯ ರಂಧ್ರಕ್ಕೆ ನಿಜವಾಗಿ ಅರ್ಥಿಂಗ್ ತಂತಿ ಬಂದಿದೆಯೇ? ಹಳೆಯ ಮನೆಗಳಲ್ಲಿ ಇಲ್ಲದಿರುವುದುಂಟು. ಲೋಹದ ಕ್ಯಾಬಿನೆಟ್ಟನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಇದೇ ಕಾರಣವಿರಬಹುದು. ಬೇರೆ ಯಾವುದಕ್ಕಿಂತಲೂ ಮೊದಲು ಎಲೆಕ್ಟ್ರಿಷಿಯನ್ನನಿಂದ ಇದನ್ನು ಪರೀಕ್ಷೆಮಾಡಿಸಿರಿ. ಇದು ಯಂತ್ರದ ಮಾತಲ್ಲ, ಮಗುವಿನ ಪ್ರಾಣದ ಮಾತು. ಕೈಲಾದರೆ ಯುಪಿಎಸ್ ಒಂದನ್ನು ಇಡಿರಿ. 600 ವಿಎ ಎಂದು ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟು ಮಾತ್ರ ಕೊಡುತ್ತದೆ. ಕರೆಂಟು ಹೋದಾಗ ಕೆಲಸವನ್ನು ಉಳಿಸಿ ಯಂತ್ರವನ್ನು ನಿಲ್ಲಿಸುವುದಕ್ಕೆ ಅದು ಸಾಕು, ಆಟ ಮುಂದುವರಿಸುವುದಕ್ಕಲ್ಲ.

ಬಿಸಿಲಿನ ವಿಷಯದಲ್ಲಿಯೂ ಎಚ್ಚರ ಬೇಕು. ಫ್ಯಾನಿನ ಕೂಲರು ಯಾವುದೇ ಆದರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿಗೆ ನಿಲ್ಲುವ ಪ್ರೊಸೆಸರು, 40 ಡಿಗ್ರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದೇ ಕೆಲಸಕ್ಕೆ ಸುಮಾರು 85ಕ್ಕೆ ಏರುವುದು. 5600ಜಿಯ ಮೇರೆ 95. ಅದನ್ನು ಮುಟ್ಟಿದರೆ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ತಂಪಾದ ಊರುಗಳಲ್ಲಿ ಕೂಡಿಸಿದವರ ಸಲಹೆಯು ಇಲ್ಲಿ ಪೂರ್ತಿಯಾಗಿ ಸಲ್ಲದಿರುವುದು ಇದರಿಂದಲೇ. ಮುಂಭಾಗವು ಗಾಜಿನಿಂದ ಮುಚ್ಚಿದ, ಬಣ್ಣದ ದೀಪಗಳ ಕ್ಯಾಬಿನೆಟ್ಟನ್ನು ಬಿಟ್ಟು, ಮುಂದೆ ಜಾಲರಿಯೂ ಧೂಳಿನ ಸೋಸುಬಟ್ಟೆಯೂ ಇರುವುದನ್ನು ಆರಿಸಿರಿ. ಮುಂದಿನ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯಲಿ, ಹಿಂದಿನದು ಹೊರಕ್ಕೆ ತಳ್ಳಲಿ. ಎರೆನೆಲದ ಧೂಳು ಬೀಸುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಆ ಸೋಸುಬಟ್ಟೆಯನ್ನು ಒದರಿ ಸ್ವಚ್ಛಮಾಡಬೇಕು.

ಇಷ್ಟಾದ ಮೇಲೆ ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ. ಭಾರವಾದ ಆಟಗಳಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆಯ ಭಾಗ ಇದೇ ಆಗಿರುವುದು ನ್ಯಾಯವೇ. ಆದರೆ ಇದಕ್ಕಾಗಿ ಮೇಲೆ ಹೇಳಿದವುಗಳನ್ನು ಕತ್ತರಿಸಬಾರದು. ಕಾರ್ಡು ಬಂದ ಮೇಲೆ ಮಾನಿಟರಿನ ತಂತಿಯನ್ನು ಕಾರ್ಡಿಗೇ ಸಿಕ್ಕಿಸಬೇಕು, ಬೋರ್ಡಿಗಲ್ಲ.

ಕೊಳ್ಳುವುದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರು ಪ್ರಸಿದ್ಧವಾದವು. ಆದರೆ ವಾರಂಟಿಗಾಗಿ ಪುನಃ ಅಷ್ಟು ದೂರ ಹೋಗಬೇಕಾದೀತೇ ಎಂದು ಯೋಚಿಸಿರಿ. ಸಿರುಗುಪ್ಪದವರಿಗೂ ಕುರುಗೋಡಿನವರಿಗೂ ಬಸ್ಸಿನಲ್ಲಿ ಬಂದು ಹೋಗುವಷ್ಟು ಹತ್ತಿರದ ಬಳ್ಳಾರಿಯ ಅಂಗಡಿಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವೆನ್ನಲಾಗದು. ಜಿಎಸ್‌ಟಿ ಸಹಿತವಾದ ಬಿಲ್ಲನ್ನು ತಪ್ಪದೆ ಪಡೆದು, ಭಾಗಗಳ ಸೀರಿಯಲ್ ನಂಬರುಗಳನ್ನು ಅದರ ಮೇಲೆ ಬರೆಯಿಸಿಕೊಳ್ಳಿರಿ.

ಆಟದ ಹೆಸರು ಕೇಳಿ ಭಯಪಡುವ ತಂದೆತಾಯಿಗಳಿಗೆ ಒಂದು ಮಾತು. ಹಣವನ್ನು ಪಣವಿಡುವ ಆನ್‌ಲೈನ್ ಆಟಗಳು ಬೇರೆ, ಇವು ಬೇರೆ. ಅವುಗಳನ್ನು ನಿಷೇಧಿಸುವ ಕಾನೂನನ್ನು ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿಯೇ ಅಂಗೀಕರಿಸಿತು. ಆಟಕ್ಕೆ ಹೊತ್ತನ್ನು ಗೊತ್ತುಮಾಡಿ, ಯಂತ್ರವನ್ನು ಮುಚ್ಚಿದ ಕೋಣೆಯಲ್ಲಿಡದೆ ನಡುಮನೆಯಲ್ಲಿಡಿರಿ. ಇದೇ ಯಂತ್ರದಲ್ಲಿ ಲೆಕ್ಕಪತ್ರ, ಚಿತ್ರರಚನೆ, ಪ್ರೋಗ್ರಾಮಿಂಗ್ ಎಲ್ಲವನ್ನೂ ಕಲಿಯಬಹುದು.

ಕಡೆಯದಾಗಿ, ಕೂಡಿಸುವ ದಿನ ಸ್ಕ್ರೂಡ್ರೈವರು ಮಗಳ ಕೈಯಲ್ಲಿರಲಿ. ಅಣ್ಣನೋ ಚಿಕ್ಕಪ್ಪನೋ ಕೂಡಿಸಿಕೊಟ್ಟರೆ ಅವಳಿಗೆ ಸಿಕ್ಕುವುದು ಒಂದು ಯಂತ್ರ ಮಾತ್ರ. ತಾನೇ ಲೆಕ್ಕಹಾಕಿ, ತಾನೇ ಬೆಲೆ ವಿಚಾರಿಸಿ, ತಾನೇ ಕೂಡಿಸಿದವಳು ಅದು ಕೆಟ್ಟ ದಿನ ಯಾರ ಬಾಗಿಲಿಗೂ ಹೋಗದೆ ಮುಚ್ಚಳ ತೆಗೆದು ನೋಡುವಳು. ಆ ಧೈರ್ಯಕ್ಕಾಗಿಯಾದರೂ ಈ ವೆಚ್ಚವು ಯೋಗ್ಯವಾದದ್ದೆಂದು ನಾನು ನಂಬುತ್ತೇನೆ.