ಸಂಘಕ್ಕೊಂದು ಪುಕ್ಕಟೆ ಲಾಂಛನ

ಬೀಜಸಂಘ, ಕೆರೆ ಸಮಿತಿಗಳ ರಶೀದಿ, ಪೊಟ್ಟಣ, ಬೋರ್ಡು ಮೂರರಲ್ಲೂ ಒಂದೇ ಗುರುತು ಇರಬೇಕು. ಆಗ ಓದು ಬಾರದವರೂ ‘ಇದು ನಮ್ಮ ಸಂಘದ್ದು’ ಅಂತ ಗುರುತು ಹಿಡೀತಾರೆ. ಕಲಾವಿದರಿಗೆ ಕೊಡುವಷ್ಟು ದುಡ್ಡು ಇಂಥ ಸಂಘಗಳಲ್ಲಿ ಇರೋದಿಲ್ಲ. ಸೇವೆಯೆಂದು ಪುಕ್ಕಟೆ ಬರೆದುಕೊಡುವವರು ಇದ್ದಾರೆ. ನಮ್ಮ ನವಣೆ-ಸಾಮೆ ಬೀಜಸಂಘಕ್ಕೂ ಒಬ್ಬರು ಒದಗಿದರು. ಆದರೆ ಪುಕ್ಕಟೆಯಾದರೂ ಸಂಘದ ಪಾಲಿನ ಕೆಲಸ ತಪ್ಪುವುದಿಲ್ಲ.

ಮೊದಲೇ ಬರೆದು ಕೊಡಿ

ಸಂಘ ಏನು ಮಾಡುತ್ತೆ, ಗುರುತು ಯಾರು ನೋಡುತ್ತಾರೆ, ಎಲ್ಲೆಲ್ಲಿ ಅಚ್ಚಾಗುತ್ತೆ, ಯಾವಾಗ ಬೇಕು – ಒಂದು ಹಾಳೆ ಸಾಕು. ಒಪ್ಪಿಗೆ ಹೇಳಲು ಇಬ್ಬರನ್ನೇ ನೇಮಿಸಿ. ಮೂವತ್ತು ಜನ ಮೂವತ್ತು ಮಾತು ಹೇಳಿದರೆ ದುಡ್ಡು ಪಡೆಯದವರು ಎಷ್ಟು ದಿನ ತಡೆದಾರು?

ಒಂದೇ ಬಣ್ಣದಲ್ಲಿ ನಿಲ್ಲಬೇಕು

ವನ್ಯಜೀವಿ ರಕ್ಷಣೆಯ ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆಯ ಪಾಂಡಾ ಗುರುತು ಹಲವರು ನೋಡಿರುತ್ತೀರಿ. 1961ರಲ್ಲಿ ಸಂಸ್ಥೆ ಹುಟ್ಟಿದಾಗ ಜೆರಾಲ್ಡ್ ವಾಟರ್ಸನ್ ಗೀಚಿದ ಚಿತ್ರಗಳಿಂದ ಅದನ್ನು ರೂಪಿಸಿದವರು ಪೀಟರ್ ಸ್ಕಾಟ್. ಅವರು ಸಂಸ್ಥೆಯ ಸ್ಥಾಪಕರಲ್ಲೊಬ್ಬರು, ಹಕ್ಕಿಗಳ ಚಿತ್ರ ಬರೆಯುವ ಕಲಾವಿದರೂ ಹೌದು. ಪಾಂಡಾವನ್ನೇ ಆರಿಸಿದ್ದಕ್ಕೆ ಒಂದು ಕಾರಣ, ಕಪ್ಪು-ಬಿಳುಪಿನ ಪ್ರಾಣಿಯಾದರೆ ಅಚ್ಚಿನ ಖರ್ಚು ಕಡಿಮೆ ಅನ್ನೋದು. ಬಡ ಸಂಘಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಡ.

ಒಪ್ಪುವ ಮೊದಲು ಮೂರು ಪರೀಕ್ಷೆ ಮಾಡಿ. ಜೆರಾಕ್ಸ್ ತೆಗೆಸಿ. ರಬ್ಬರ್ ಮೊಹರಿನ ಅಳತೆಗೆ ಕುಗ್ಗಿಸಿ. ತಗಡಿನ ಅಚ್ಚು ಕತ್ತರಿಸಿ ಗೋಣಿಚೀಲದ ಮೇಲೆ ಬಣ್ಣ ಬಳಿಯಿರಿ. ನಮಗೆ ಮೊದಲು ಬಂದ ನವಣೆ ತೆನೆಯಲ್ಲಿ ಒಂದೊಂದು ಕೂದಲೂ ಚೆಂದ ಇತ್ತು. ಮೊಹರಿನಲ್ಲಿ ಮಸಿ ತುಂಬಿ ಕಂಬಳಿಹುಳ ಆಯಿತು! ಹೇಳಿದ ಮೇಲೆ ಅವರೇ ನಾಲ್ಕು ದಪ್ಪ ಗೆರೆಯಲ್ಲಿ ತಿದ್ದಿದರು. ತಗಡಿನಲ್ಲಿ ‘ಠ’ದಂಥ ಅಕ್ಷರದ ನಡುವಿನ ತುಂಡು ಉದುರುತ್ತೆ, ಸಣ್ಣ ಕೊಂಡಿ ಬಿಡಿಸಬೇಕು.

ಹಕ್ಕು ಯಾರದು?

ಇದು ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಪುಕ್ಕಟೆ ಬರೆದ ಚಿತ್ರದ ಒಡೆತನ ಬರೆದವರದೇ. ಬಾಯಿಮಾತಿನಲ್ಲಿ ಅದು ಸಂಘಕ್ಕೆ ಬರೋದಿಲ್ಲ. ಬರವಣಿಗೆ ಮತ್ತು ಅವರ ಸಹಿ ಬೇಕು. ಕಾಲಾವಧಿ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಆರನೇ ವರ್ಷ ಬೋರ್ಡು, ಚೀಲ ಎಲ್ಲ ನಮ್ಮದಾದರೂ ಗುರುತು ನಮ್ಮದಾಗಿರೋದಿಲ್ಲ. ಆದ್ದರಿಂದ ‘ಕೃತಿಸ್ವಾಮ್ಯ ಇರುವಷ್ಟು ಕಾಲವೂ ಸಂಘಕ್ಕೆ’ ಎಂದೇ ಬರೆಸಿ. ಎಷ್ಟು ಹಿಗ್ಗಿಸಿದರೂ ಒಡೆಯದ ಮೂಲ ಫೈಲನ್ನು (ವೆಕ್ಟರ್ ಫೈಲ್ ಅಂತಾರೆ) ಕೇಳಿ ಪಡೆಯಿರಿ.

ಇನ್ನೊಂದು ಎಚ್ಚರ. ನಾಲ್ಕು ಸಿಂಹದ ಲಾಂಛನ, ರಾಷ್ಟ್ರಧ್ವಜ, ಗಾಂಧೀಜಿ ಚಿತ್ರವನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಾಟದ ಗುರುತಿಗೆ ಬಳಸುವುದನ್ನು 1950ರ ಕಾಯ್ದೆ ತಡೆಯುತ್ತೆ.

ಬರೆದುಕೊಟ್ಟವರ ಓಡಾಟದ ಖರ್ಚು ಕೊಡಿ. ವಾರ್ಷಿಕ ವರದಿಯಲ್ಲಿ ಅವರ ಹೆಸರು ಹಾಕಿ. ದುಡ್ಡು ಪಡೆಯದಿದ್ದರೂ ಅದು ದುಡಿಮೆಯೇ.