ಯಂತ್ರದ ನೆನಪು ತಪ್ಪಿದಾಗ: ಸರ್ವರ್ ಮೆಮೊರಿಯ ಜೋಡಣೆ ಮತ್ತು ಬದಲಾವಣೆ

ನಮ್ಮ ಸಂಘದ ಅನೇಕ ಮನೆಗಳಲ್ಲಿ ಒಬ್ಬರಾದರೂ ಕಂಪ್ಯೂಟರ್ ಕೆಲಸದವರಿದ್ದಾರೆ. "ಸರ್ವರ್ ಡೌನ್" ಎಂದು ಊಟದ ಮಧ್ಯೆ ಎದ್ದು ಹೋಗುವುದನ್ನು ಮನೆಮಂದಿ ನೋಡಿರುತ್ತಾರೆ. ಹಾಗೆ ಎದ್ದು ಹೋದವರು ಅಲ್ಲಿ ಮಾಡುವುದೇನು? ನಾಟಿಂಗ್‌ಹ್ಯಾಮ್‌ನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ನಾನು ಅದರ ಒಂದು ಸಣ್ಣ ಭಾಗವನ್ನು, ಅಂದರೆ ಮೆಮೊರಿಯ ವಿಚಾರವನ್ನು, ಇಲ್ಲಿ ವಿವರಿಸುತ್ತೇನೆ.

ಮೆಮೊರಿ ಎಂದರೇನು?

ಡಿಸ್ಕ್ ಎಂದರೆ ಬೀರು, ಮೆಮೊರಿ ಎಂದರೆ ಕೆಲಸದ ಮೇಜು. ವಿದ್ಯುತ್ ಹೋದರೆ ಮೇಜು ಖಾಲಿ. ನಮ್ಮ ಪಕ್ಕದ ಮ್ಯಾಂಚೆಸ್ಟರ್‌ನಲ್ಲಿ 1948ರ ಜೂನ್ 21ರಂದು ಓಡಿದ 'ಬೇಬಿ' ಎಂಬ ಕಂಪ್ಯೂಟರಿನ ಮೆಮೊರಿ ಒಂದು ಟಿವಿ ಪರದೆಯಂಥ ಕೊಳವೆ. ಅದರಲ್ಲಿ ಹಿಡಿಯುತ್ತಿದ್ದುದು 1024 ಬಿಟ್, ಎಂದರೆ 128 ಬೈಟ್. ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಅದಕ್ಕೆ 42 ಚಿಹ್ನೆ ಸಾಕು ಸಾಕಾಗುತ್ತಿತ್ತು! ಈಗಿನ ಮೆಮೊರಿಗೆ ತಳಹದಿ 1960ರ ದಶಕದಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಕಂಡುಹಿಡಿದ ಡಿರ್‍ಯಾಮ್. ಇದರಲ್ಲಿ ಪ್ರತಿ ಬಿಟ್ಟೂ ಒಂದು ಪುಟ್ಟ ವಿದ್ಯುದಾವೇಶ. ತೂತು ಕೊಡದಂತೆ ಅದು ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದನ್ನೂ ಮತ್ತೆ ತುಂಬಬೇಕು.

ಒಂದು ಬಿಟ್ ತಿರುಗಿದರೆ

ಚಿಪ್‌ನ ದೌರ್ಬಲ್ಯದಿಂದಲೋ ಬಾಹ್ಯಾಕಾಶದಿಂದ ಬರುವ ಕಣಗಳ ಹೊಡೆತದಿಂದಲೋ 0 ಇದ್ದದ್ದು 1 ಆಗಬಹುದು. ಯೂನಿಕೋಡ್‌ನಲ್ಲಿ 'ಲ' ಮತ್ತು 'ಳ' ಅಕ್ಕಪಕ್ಕದವು, ವ್ಯತ್ಯಾಸ ಒಂದೇ ಬಿಟ್. ಅದು ತಿರುಗಿದರೆ ನಮ್ಮ 'ಕಲೆ' ಹೋಗಿ 'ಕಳೆ' ಆಗುತ್ತದೆ. ಅಂಕಿಗಳಲ್ಲಿ 1 ಮತ್ತು 9ರ ನಡುವೆಯೂ ಒಂದೇ ಬಿಟ್. ಔಷಧದ ಪ್ರಮಾಣ ಬರೆದ ಕಡೆ ಹೀಗಾದರೆ ನಗುವ ಮಾತಲ್ಲ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನ ವಿದ್ಯುನ್ಮಾನ ಮತದಾನದಲ್ಲಿ ಅಭ್ಯರ್ಥಿಯೊಬ್ಬರಿಗೆ 4096 ಮತ ಹೆಚ್ಚಾಗಿ ಬಂದಿತ್ತು. ಆ ಸಂಖ್ಯೆ ಸರಿಯಾಗಿ ಎರಡರ ಹನ್ನೆರಡನೆಯ ಘಾತ. ಒಂದು ಬಿಟ್ ತಾನಾಗಿ ತಿರುಗಿದ್ದೇ ಇದಕ್ಕೆ ಕಾರಣವಿರಬೇಕು ಎಂದು ತಜ್ಞರು ಊಹಿಸಿದರು.

ಇದಕ್ಕೆ ಮದ್ದು ಇಸಿಸಿ ಮೆಮೊರಿ. ಮನೆಯ ಖರ್ಚಿನ ಪಟ್ಟಿಯಲ್ಲಿ ಅಡ್ಡ ಸಾಲಿಗೂ ಉದ್ದ ಸಾಲಿಗೂ ಮೊತ್ತ ಹಾಕಿದ್ದರೆ, ಎರಡೂ ತಾಳೆಯಾಗದ ಕಡೆ ತಪ್ಪು ಯಾವ ಮನೆಯಲ್ಲಿದೆ ಎಂದು ಸಿಕ್ಕಿಬಿಡುತ್ತದೆ. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ಉಪಾಯದ ತಿರುಳೂ ಇಂಥದೇ. ಸಾಮಾನ್ಯವಾಗಿ 64 ಬಿಟ್ ಮಾಹಿತಿಗೆ 8 ಕಾವಲು ಬಿಟ್. ಒಂದು ತಪ್ಪನ್ನು ಅದು ತಿದ್ದುತ್ತದೆ. ಎರಡಾದರೆ ತಿದ್ದಲಾಗದು, ಪತ್ತೆ ಮಾತ್ರ ಹಚ್ಚುತ್ತದೆ. ಆಗ ತಪ್ಪು ಲೆಕ್ಕ ಕೊಡುವ ಬದಲು ಯಂತ್ರ ನಿಂತುಬಿಡುತ್ತದೆ.

ಓಡುತ್ತಿರುವುದನ್ನು ನಿಲ್ಲಿಸುವುದೇಕೆ?

ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರಿನ ದಾಖಲೆಯಲ್ಲಿ ಒಮ್ಮೆ 'ತಿದ್ದಲಾದ ತಪ್ಪು'ಗಳು ದಿನದಿಂದ ದಿನಕ್ಕೆ ಏರತೊಡಗಿದವು, ಎಲ್ಲವೂ ಒಂದೇ ಮಾಡ್ಯೂಲಿನಿಂದ. "ಕೆಲಸ ನಡೆಯುತ್ತಿದೆಯಲ್ಲ, ಈಗ ಯಾಕೆ ನಿಲ್ಲಿಸಬೇಕು?" ಎಂದು ಬಳಸುವವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ತಿದ್ದುವ ಶಕ್ತಿ ಆಗಲೇ ಆ ಒಂದು ತಪ್ಪಿಗೆ ಖರ್ಚಾಗುತ್ತಿತ್ತು. ಅದರ ಜೊತೆಗೆ ಇನ್ನೊಂದು ಬಿಟ್ ಕೆಟ್ಟರೆ ಯಂತ್ರ ನಿಲ್ಲುವುದು ಹಗಲಿನ ಗದ್ದಲದಲ್ಲಿ, ನಾವು ಆರಿಸದ ಹೊತ್ತಿನಲ್ಲಿ. ನಾವೇ ಆರಿಸಿದ ರಾತ್ರಿಯ ಒಂದು ಗಂಟೆ ಅದಕ್ಕಿಂತ ಅಗ್ಗ ಎಂದಾಗ ಒಪ್ಪಿದರು.

ಬದಲಿಸುವ ಕ್ರಮ

ಮೊದಲು ಬ್ಯಾಕಪ್. ಆಮೇಲೆ ದಾಖಲೆ ಓದಿ ಯಾವ ಪ್ರೊಸೆಸರಿನ ಯಾವ ಸ್ಲಾಟ್ ಎಂದು ಬರೆದುಕೊಳ್ಳಬೇಕು. ಸರ್ವರನ್ನು ಕ್ರಮವಾಗಿ ಮುಚ್ಚಿ ಪವರ್ ಕೇಬಲ್ ಎಳೆಯಬೇಕು. ಸಾಮಾನ್ಯವಾಗಿ ಎರಡಿರುತ್ತವೆ, ಎರಡನ್ನೂ. ಇಲ್ಲಿನ ಚಳಿಗಾಲದ ಹೀಟರ್ ಗಾಳಿಯಲ್ಲಿ ಸ್ವೆಟರ್ ಕಳಚಿದರೆ ಚಟಪಟ ಎನ್ನುತ್ತದಲ್ಲ, ಆ ಸ್ಥಿರವಿದ್ಯುತ್ತು ಚಿಪ್‌ಗೆ ವಿಷ. ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡೇ ಕೈ ಹಾಕಬೇಕು.

ಹೊಸ ಮಾಡ್ಯೂಲ್ ಹಳೆಯದರ ಜಾತಿಯದೇ ಆಗಿರಬೇಕು. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್, ಆದರೆ ಕಚ್ಚಿನ ಜಾಗ ಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಕೂರದು. ರಿಜಿಸ್ಟರ್ ಇರುವ ಮತ್ತು ಇಲ್ಲದ ಮಾಡ್ಯೂಲ್‌ಗಳನ್ನು ಬೆರೆಸುವಂತಿಲ್ಲ. ವೇಗ ಬೇರೆ ಬೇರೆ ಇದ್ದರೆ ಎಲ್ಲವೂ ನಿಧಾನದ ಮಾಡ್ಯೂಲಿನ ವೇಗಕ್ಕೇ ಇಳಿಯುತ್ತವೆ. ಪ್ರೊಸೆಸರಿಗೆ ಮೆಮೊರಿಯ ಹಲವು ಚಾನೆಲ್‌ಗಳಿರುತ್ತವೆ. ಸಂತೆಗೆ ಹೋಗುವ ದಾರಿಗಳಂತೆ, ಭಾರ ಸಮನಾಗಿ ಹಂಚಿದರೆ ಓಡಾಟ ಸಲೀಸು. ಯಾವ ಸ್ಲಾಟ್ ಮೊದಲು ತುಂಬಬೇಕೆಂಬ ಚಿತ್ರ ಹೆಚ್ಚಾಗಿ ಮುಚ್ಚಳದ ಒಳಬದಿಯಲ್ಲೇ ಇರುತ್ತದೆ. ಎರಡೂ ತುದಿಯ ಹಿಡಿಗಳು ಟಕ್ಕೆಂದು ಮುಚ್ಚುವವರೆಗೆ ಸಮನಾಗಿ ಒತ್ತಬೇಕು.

ಬಿಡಿಭಾಗ ತರಿಸುವ ಮೊದಲು ಇನ್ನೊಂದು ಪರೀಕ್ಷೆ ಉಂಟು. ಅನುಮಾನದ ಮಾಡ್ಯೂಲನ್ನು ಬೇರೆ ಸ್ಲಾಟಿಗೆ ಹಾಕಿ ನೋಡುವುದು. ತಪ್ಪು ಅದರ ಹಿಂದೆಯೇ ಹೋದರೆ ಮಾಡ್ಯೂಲ್ ಕೆಟ್ಟಿದೆ. ಹಳೆಯ ಸ್ಲಾಟಿನಲ್ಲೇ ಉಳಿದರೆ ದೋಷ ಬೋರ್ಡಿನದೋ ಪ್ರೊಸೆಸರಿನದೋ. ನಮ್ಮಲ್ಲಿ ಅದು ಮಾಡ್ಯೂಲಿನ ಹಿಂದೆಯೇ ಹೋಯಿತು. ಬದಲಿಸಿ, ಒಟ್ಟು ಮೆಮೊರಿ ಸರಿಯಾಗಿ ಕಾಣುತ್ತಿದೆಯೇ ನೋಡಿ, ಪರೀಕ್ಷಾ ತಂತ್ರಾಂಶ ಓಡಿಸಿದ ಮೇಲೆ ದಾಖಲೆ ತಣ್ಣಗಾಯಿತು.

ಮನೆಯವರಿಗೆ ಒಂದು ಮಾತು

ಊರಿನ ಅಪ್ಪ-ಅಮ್ಮನ ಫೋಟೊ, ಅಜ್ಜಿಯ ಹಾಡಿನ ಧ್ವನಿಮುದ್ರಣಗಳನ್ನು ಮನೆಯ ಒಂದೇ ಪೆಟ್ಟಿಗೆಯಲ್ಲಿಟ್ಟವರು ನಮ್ಮಲ್ಲಿ ಬಹಳ. ಮನೆಬಳಕೆಯ ಬಹುತೇಕ ಯಂತ್ರಗಳಲ್ಲಿ ಇಸಿಸಿ ಇರುವುದಿಲ್ಲ. ಕೆಟ್ಟ ಮೆಮೊರಿ ಹೊಸ ಪ್ರತಿಯನ್ನೂ ಸದ್ದಿಲ್ಲದೆ ಕೆಡಿಸಬಲ್ಲದು. ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯಬೇಡಿ. ಒಂದು ಪ್ರತಿ ಬೇರೆ ಮನೆಯಲ್ಲಿರಲಿ, ವರ್ಷಕ್ಕೊಮ್ಮೆ ತೆರೆದು ನೋಡಿ. ಮಾಡ್ಯೂಲನ್ನು ಅಂಗಡಿಯಿಂದ ತರಬಹುದು, ಅಜ್ಜಿಯ ದನಿಯನ್ನಲ್ಲ.